ಮೈಕಕ್ಕ ಕಂಡ ಮಂಜು

ಅವಳ ಧ್ವನಿ ಊರಿಗೆಲ್ಲ ಗೊತ್ತಿತ್ತು, ಮುಖ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಗಾಜಿನ ಗೂಡಿನಂಥ ಒಂದು ಕೋಣೆ. ಅದರಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. “ಪ್ರಯಾಣಿಕರ ಗಮನಕ್ಕೆ” ಎಂದು ಆ ಧ್ವನಿ ಶುರುವಾದರೆ ಜನ ಬಾಯಲ್ಲಿಟ್ಟ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಕಳೆದುಹೋದ ಮಗುವಾಗಲಿ, ಯಾರೋ ಬಿಟ್ಟುಹೋದ ಕೊಡೆಯಾಗಲಿ, ಎಲ್ಲಕ್ಕೂ ಒಂದೇ ಧ್ವನಿ. ಸಂತೋಷವಿಲ್ಲ, ಸಿಟ್ಟಿಲ್ಲ, ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ.

ಮೈಕಕ್ಕ ಎಂಬ ಹೆಸರಿಟ್ಟವರು ಡ್ರೈವರುಗಳು. ನಾನೂ ಹಾಗೆಯೇ ಕರೆದೆ. ಮೊದಮೊದಲು ‘ನೀವು’ ಎನ್ನುತ್ತಿದ್ದವನು ಯಾವಾಗ ಏಕವಚನಕ್ಕೆ ಇಳಿದೆನೋ ನೆನಪಿಲ್ಲ. ಅಕ್ಕ ಎಂದ ಮೇಲೆ ಬಹುವಚನ ಎಷ್ಟು ದಿನ ನಿಲ್ಲುತ್ತದೆ? ಅವಳೂ ಬೇಡವೆನ್ನಲಿಲ್ಲ.

ಅವಳಿದ್ದದ್ದು ತಮ್ಮನ ಮನೆಯಲ್ಲಿ. ತಮ್ಮ, ಅವನ ಹೆಂಡತಿ, ಕಾಲೇಜು ಮುಗಿಸಿದ ಅವರ ಮಗಳು. ಒಳ್ಳೆಯ ಜನವೇ. ಊಟಕ್ಕೆ ಕೂರುವ ಮುಂಚೆ “ಅತ್ತಿಗೆ, ಬನ್ನಿ” ಎಂದು ತಮ್ಮನ ಹೆಂಡತಿ ಕರೆಯದ ದಿನವಿಲ್ಲ. ಆದರೆ ಮನೆಯಲ್ಲಿ ಅವಳದೆಂದು ಕೋಣೆ ಇರಲಿಲ್ಲ. ಮುಂದಿನ ಹಜಾರದ ದಿವಾನವೇ ಅವಳ ಹಾಸಿಗೆ. ಹಗಲೆಲ್ಲ ಅದರ ಮೇಲೆ ಮನೆಮಂದಿ ಕೂರುತ್ತಿದ್ದರು, ಬಂದವರೂ ಕೂರುತ್ತಿದ್ದರು. ಟಿವಿ ಆರಿಸಿ ಎಲ್ಲರೂ ಎದ್ದು ಹೋದ ಮೇಲೆ ಅದು ಅವಳಿಗೆ ಸಿಗುತ್ತಿತ್ತು. ಬೆನ್ನು ನೋಯುತ್ತಿದ್ದ ದಿನವೂ, ಯಾರನ್ನೂ ಏಳಿ ಎನ್ನಬೇಕಾಗದಿರಲಿ ಎಂದು, ಅಡುಗೆಮನೆಯಲ್ಲಿ ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತ ನಿಲ್ಲುತ್ತಿದ್ದಳು. “ಊರಿಗೆಲ್ಲ ಸಾರ್ತೀಯ, ಮನೇಲಿ ಮಾತ್ರ ಬಾಯಿಗೆ ಬೀಗ” ಎಂದು ತಮ್ಮ ಛೇಡಿಸುತ್ತಿದ್ದ. ಅದಕ್ಕೂ ಅವಳು ನಗುತ್ತಿದ್ದಳು, ಅಷ್ಟೇ.

ಕ್ಯಾಮೆರಾ ಬಂದದ್ದು ಆ ಹುಡುಗಿಯಿಂದ. ಹಟ ಹಿಡಿದು ಕೊಂಡವಳು ತಿಂಗಳೊಪ್ಪತ್ತಿನಲ್ಲೇ ಬೇಸತ್ತು ಬೀರುವಿಗೆ ಸೇರಿಸಿದ್ದಳು. “ಅತ್ತೆ, ಬೇಕಾದ್ರೆ ನೀನೇ ಇಟ್ಕೋ, ಧೂಳು ತಿಂತಿದೆ” ಎಂದಳಂತೆ. ಮೈಕಕ್ಕ ರಜೆಯ ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದಳು. ಡ್ರೈವರು ಎಲ್ಲಿಗೆ ಎಂದು ಕೇಳಿದ್ದಕ್ಕೆ ಉತ್ತರ ಹೊಳೆಯಲಿಲ್ಲವಂತೆ. ಎಷ್ಟೋ ವರ್ಷಗಳಿಂದ ಹೆಸರು ಹೇಳುತ್ತಲೇ ಬಂದ ಊರುಗಳಲ್ಲಿ ಒಂದನ್ನೂ ಅವಳು ನೋಡಿರಲಿಲ್ಲ.

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಪ್ಪ ಅಮ್ಮನ ಫೋಟೋದ ಒಡೆದ ಗಾಜು ಬದಲಿಸಲು ಬಂದವಳು, ಹಿಂದಿನ ಕೋಣೆಯ ದಾರದಲ್ಲಿ ನೇತುಹಾಕಿದ್ದ ಚಿತ್ರಗಳನ್ನು ಕಂಡು ಒಳಗೆ ಇಣುಕಿದಳು. ಬೆಟ್ಟ, ಬಯಲು, ಕೆರೆ, ಖಾಲಿ ರಸ್ತೆ.

“ಇವೆಲ್ಲ ಯಾರದು?”

“ನಮ್ಮ ಕೂಟದವರದು. ತಿಂಗಳ ಕೊನೆ ಭಾನುವಾರ ಮಧ್ಯಾಹ್ನ ಸೇರ್ತಾರೆ. ಒಬ್ರ ಫೋಟೋ ಇನ್ನೊಬ್ರು ನೋಡಿ ಬೈಕೊಂಡು ಹೋಗ್ತಾರೆ. ನೀವೂ ತೆಗೀತೀರಾ?”

ಆಕೆ ಗಾಜಿನ ದುಡ್ಡು ಕೊಟ್ಟು ಹೊರಟಳು. ಆ ಭಾನುವಾರ ಒಂದು ಪ್ರಿಂಟನ್ನು ಸೀರೆ ಅಂಗಡಿಯ ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದಳು.

ನಮ್ಮ ಕೂಟದಲ್ಲಿ ಒಂದೇ ನಿಯಮ. ಯಾರ ಫೋಟೋ ದಾರದಲ್ಲಿ ನೇತಾಡುತ್ತಿದೆಯೋ ಅವರು ಉಳಿದವರೆಲ್ಲ ಮಾತು ಮುಗಿಸುವವರೆಗೂ ತುಟಿ ಬಿಚ್ಚುವಂತಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಬಿಟ್ಟು. ಇಲ್ಲದಿದ್ದರೆ ಫೋಟೋಗಿಂತ ಸಮಜಾಯಿಷಿಯೇ ದೊಡ್ಡದಾಗುತ್ತದೆ. ಈ ನಿಯಮ ತಂದವರು ಅಡ್ಡಗೆರೆ ಸರ್. ನಕ್ಷೆ ಬಿಡಿಸುವ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಒಂಟಿ ಮನುಷ್ಯ. ಆಕಾಶವೂ ನೆಲವೂ ಕೂಡುವ ಗೆರೆ ಕೂದಲೆಳೆಯಷ್ಟು ವಾಲಿದರೂ ಸಹಿಸುತ್ತಿರಲಿಲ್ಲ. “ನೀರೆಲ್ಲ ಆ ಕಡೆಯಿಂದ ಸುರಿದು ಹೋಗ್ತಿದೆಯಲ್ರೀ, ಯಾರಾದ್ರೂ ಬಕೆಟ್ ಹಿಡೀರಿ” ಎನ್ನುತ್ತಿದ್ದರು. ಆ ಹೆಸರು ಅದರಿಂದಲೇ ಬಂದದ್ದು. ಎದುರಿಗೆ ಬರೀ ಸರ್, ಬೆನ್ನಿಗೆ ಅಡ್ಡಗೆರೆ. ಎಲ್ಲರಿಗಿಂತ ಒಳ್ಳೆಯ ಕ್ಯಾಮೆರಾ ಇದ್ದ ಹಲ್ಲಿನ ಡಾಕ್ಟರು ಅವರಿಂದ ಹೆಚ್ಚು ಬೈಸಿಕೊಳ್ಳುತ್ತಿದ್ದವರು. “ನಾನು ಹಲ್ಲು ಕೀಳುವಾಗಲಾದ್ರೂ ಸೂಜಿ ಹಾಕ್ತೀನಿ. ಇವರು ಹಾಗೇ ಕೀಳ್ತಾರೆ” ಎಂದು ನಕ್ಕರೂ ಪ್ರತಿ ತಿಂಗಳೂ ತಪ್ಪದೆ ಬರುತ್ತಿದ್ದರು.

ಮೈಕಕ್ಕನ ಮೊದಲ ಫೋಟೋ ಒಂದು ಕೆರೆಯದು. ಅಡ್ಡಗೆರೆ ಸರ್ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು, ದೂರ ಸರಿದು ನೋಡಿದರು.

“ಎಲ್ಲಿ ನಿಂತಿದ್ರಮ್ಮ, ಇದನ್ನ ತೆಗೆಯುವಾಗ?”

“ರಸ್ತೆ ಪಕ್ಕ, ಸರ್.”

“ಅದೇ ಅಂದ್ಕೊಂಡೆ. ಬಸ್ಸಿಗೆ ಕಾಯೋರು ನಿಂತ ಹಾಗೆ ನಿಂತಿದ್ದೀರಿ. ಇಳೀಬೇಕು, ನೀರಿನ ಹತ್ರ ಹೋಗ್ಬೇಕು. ಕಾಲು ಒದ್ದೆಯಾದ್ರೆ ಏನಾಗುತ್ತೆ? ಈ ಕೆರೆಗೆ ನೀವು ಬಂದದ್ದೇ ಗೊತ್ತಾಗಿಲ್ಲ.”

ಅವಳು ಯಾರೆಂದು ಗೊತ್ತಿದ್ದ ನಾನೊಬ್ಬ ನಕ್ಕುಬಿಟ್ಟೆ. ಅವಳ ಮುಖ ಕೆಂಪಾಯಿತು. ಇನ್ನು ಈಕೆ ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡೆ. ಮುಂದಿನ ತಿಂಗಳು ಅದೇ ಕೆರೆಯ ಇನ್ನೊಂದು ಫೋಟೋ ತಂದಳು. ಕಾಲಿನ ಹೆಬ್ಬೆರಳಿಗೆ ಬ್ಯಾಂಡೇಜು ಇತ್ತು, ನೀರಿನಲ್ಲಿ ಕಲ್ಲು ತಾಗಿತ್ತಂತೆ. ಬಹಳ ದಿನಗಳಾದ ಮೇಲೆ ಆ ಮೊದಲ ದಿನದ ಬಗ್ಗೆ ಕೇಳಿದೆ. “ಬೈದ್ರು ನಿಜ. ಆದ್ರೆ ನಾನು ಮಾಡಿದ ಕೆಲಸದ ಬಗ್ಗೆ ಒಬ್ರು ಅಷ್ಟು ಹೊತ್ತು ಮಾತಾಡಿದ್ದು ನಾನು ಕಂಡೇ ಇರ್ಲಿಲ್ಲ” ಎಂದಳು.

ಹೀಗೆ ವರ್ಷಗಳು ಹೋದವು. ಮೈಕಕ್ಕ ಕೂಟದಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು. ಬೇರೆಯವರ ಫೋಟೋ ಬಗ್ಗೆ ಕೇಳಿದರೆ “ಚೆನ್ನಾಗಿದೆ” ಎನ್ನುವುದು, ಒತ್ತಾಯ ಮಾಡಿದರೆ “ತುಂಬ ಚೆನ್ನಾಗಿದೆ” ಎನ್ನುವುದು. ಅವಳ ಫೋಟೋಗಳಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಒಂದಾದರೂ ಜೀವ ತೋರಿಸಿ ಎಂದು ಡಾಕ್ಟರು ಗೋಗರೆದದ್ದಕ್ಕೆ ಒಮ್ಮೆ ಎಮ್ಮೆಯ ಬೆನ್ನು ಬಂದಿತ್ತು. ಮುಖ ಬಂದಿರಲಿಲ್ಲ.

ಒಂದು ಭಾನುವಾರ ಅವಳು ತಂದ ಫೋಟೋದಲ್ಲಿ ದೊಡ್ಡ ಹುಲ್ಲುಬಯಲು, ಅದರ ನಟ್ಟನಡುವೆ ಬಾಗಿಲು ಕಿಟಕಿ ಕಿತ್ತುಹೋದ ಒಂದು ಗೋಡೌನು. ಯಾವುದನ್ನೇ ಆಗಲಿ ನಟ್ಟನಡುವೆ ಇಟ್ಟರೆ ಅಡ್ಡಗೆರೆ ಸರ್‌ಗೆ ಮೈಯೆಲ್ಲ ಉರಿಯುತ್ತಿತ್ತು. “ಮಧ್ಯದಲ್ಲಿ ಇಡೋದು ಪಾಸ್‌ಪೋರ್ಟ್ ಫೋಟೋಗೆ ಮಾತ್ರ” ಎನ್ನುವುದು ಅವರ ಬಾಯಿಪಾಠ. ಬೈಸಿಕೊಳ್ಳಲೆಂದೇ ತಂದಿದ್ದಳೋ ಏನೋ. ಅವರು ಎದ್ದು ಬಂದು, ಎಡ ಅಂಚಿನ ಬಾಗಿದ ಹುಲ್ಲಿನ ಬಗ್ಗೆ, ಬಲ ಮೂಲೆಯಲ್ಲಿ ಹರಿದ ಮೋಡದ ಬಗ್ಗೆ ತುಂಬ ಹೊತ್ತು ಮಾತಾಡಿದರು. ಗೋಡೌನಿನ ಮಾತೇ ಇಲ್ಲ. ವಯಸ್ಸಾಯ್ತು, ಮೆತ್ತಗಾದರು ಎಂದು ನಾವೆಲ್ಲ ಅಂದುಕೊಂಡೆವು. ಅವಳು ಹಾಗೆ ಅಂದುಕೊಳ್ಳಲಿಲ್ಲ. ವಿಚಾರಣೆ ಕಿಟಕಿಗೆ ಬರುವ ವಯಸ್ಸಾದವರಲ್ಲಿ ಕೆಲವರು ವೇಳೆಯ ಹಲಗೆಯನ್ನು ನೇರ ನೋಡದೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುವುದನ್ನು ದಿನಾ ಕಂಡವಳು. ಸರ್ ಕೂಡ ಈಗ ಕತ್ತು ಓರೆ ಮಾಡುತ್ತಿದ್ದರು.

ಕೂಟ ಮುಗಿದ ಮೇಲೆ ಅವರ ಹಿಂದೆಯೇ ಹೊರಟಳು. ಅವರು ರಸ್ತೆಯ ಅಂಚಿನಲ್ಲಿ ನಿಂತು ವಾಹನಗಳ ಸದ್ದು ಆಲಿಸುತ್ತಿದ್ದರು.

“ಸರ್, ನಾನೂ ಆ ಕಡೆಗೇ” ಎಂದಳು.

“ಬಸ್ ನಿಲ್ದಾಣದವರಲ್ವಾ? ನಿಮ್ಮ ಮನೆ ಈ ಕಡೆ.”

“ಈಗ ರಸ್ತೆ ಖಾಲಿ ಇದೆ. ಬನ್ನಿ.”

ದಾಟಿದ ಮೇಲೆ ಅವರು ನಿಂತರು. “ಗೋಡೌನೋ ಏನೋ ಇತ್ತಂತೆ. ಡಾಕ್ಟರು ಮೆಟ್ಟಿಲಿಳಿಯುವಾಗ ಹೇಳಿದ್ರು, ಒಳ್ಳೆ ಗೋಡೌನು ಅಂತ. ಆಗ್ಲೇ ಅಂದ್ಕೊಂಡೆ, ನೀವು ಹಿಂದೆ ಬರ್ತೀರಿ ಅಂತ.”

“ಯಾವಾಗಿಂದ ಸರ್?”

“ಹೋದ ವರ್ಷದಿಂದ. ಕಣ್ಣಿನ ನಡುಭಾಗ ಸವೆದು ಹೋಗಿದೆಯಂತೆ. ಸುತ್ತ ಕಾಣುತ್ತೆ, ಮಧ್ಯ ಹೊಗೆ ಕುಳಿತ ಹಾಗೆ. ಮುಂದೆ ಸುತ್ತಲಿನದೂ ಹೋಗಬಹುದು ಅಂದಿದ್ದಾರೆ. ಔಷಧಿ ಇಲ್ಲ.” ಸ್ವಲ್ಪ ತಡೆದು, “ಅವ್ರಿಗೆ ಹೇಳ್ಬೇಡಿ. ಅದೊಂದು ಭಾನುವಾರ ಬಿಟ್ರೆ ನಂಗೆ ಯಾರೂ ಸರ್ ಅನ್ನೋದಿಲ್ಲ” ಎಂದರು.

ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಮಾಡಿದಳು. ಎಲ್ಲರೂ ಫೋಟೋಗಳನ್ನು ಶನಿವಾರವೇ ನನ್ನ ಅಂಗಡಿಗೆ ತಂದು ಕೊಡುವುದು ವಾಡಿಕೆ, ಹಿಂದಿನಿಂದ ರಟ್ಟು ಅಂಟಿಸಿ ಇಡಲಿ ಎಂದು. ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು “ನೋಡ್ಬಹುದಾ?” ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಚೌಕಟ್ಟಿನ ಪಟ್ಟಿ ಕೊಯ್ಯುತ್ತಿದ್ದೆ. ಒಳಗಿನಿಂದ ಬಸ್ ನಿಲ್ದಾಣದ ಧ್ವನಿ ಕೇಳಿಸಿತು: “ಎಡಗಡೆ ಮರ. ಬಲಗಡೆ ಬಂಡೆ. ಹಿಂದೆ ಬೆಟ್ಟ.” ಗರಗಸ ನಿಲ್ಲಿಸಿದೆ. ಒಬ್ಬಳೇ ಮಾತಾಡುತ್ತಿದ್ದಾಳಲ್ಲ ಎಂದು ಇಣುಕಿದರೆ ಕಿವಿಗೆ ಫೋನು. ಯಾರ ಜೊತೆ ಎಂದು ಕೇಳಿದ್ದಕ್ಕೆ ರಸ್ತೆ ದಾಟಿದ ದಿನದ ಮಾತನ್ನೆಲ್ಲ ಹೇಳಿದಳು. ಅಲ್ಲಿಗೆ ನನಗೂ ಗುಟ್ಟು ಗೊತ್ತಾಯಿತು. ನಾನು ಬಾಯಿ ಬಿಡುವವನಲ್ಲ ಎಂದು ಅವಳಿಗೂ ಗೊತ್ತಿತ್ತು.

ಮೊದಲ ಸಲ ಅವರು ಫೋನಿನಲ್ಲೇ ಸಿಡುಕಿದರಂತೆ. “ಬಸ್ ಬಂತು, ಬಸ್ ಹೋಯ್ತು ಅಂದ ಹಾಗೆ ಹೇಳಿದ್ರೆ ನಾನೇನು ಮಾಡ್ಲಮ್ಮ? ಬೆಳಕು ಎಲ್ಲಿಂದ ಬೀಳ್ತಿದೆ? ಬಂಡೆ ಒಣಗಿದೆಯಾ, ಒದ್ದೆಯಾ? ಮೊದಲು ಕಣ್ಣು ಎಲ್ಲಿಗೆ ಹೋಯ್ತು? ಆಮೇಲೆ ಎಲ್ಲಿಗೆ ಜಾರ್ತು?”

ಅವಳು ಕಲಿತಳು. ಒಂದು ತಿಂಗಳು ಬಂಡೆಯ ಬಣ್ಣವನ್ನು “ಮಳೆ ನಿಂತು ಸ್ವಲ್ಪ ಹೊತ್ತಾದ ಮೇಲಿನ ಸಿಮೆಂಟು” ಎಂದಳು. ಇನ್ನೊಂದು ತಿಂಗಳು ಡಾಕ್ಟರ ಸೂರ್ಯಾಸ್ತದ ಬಗ್ಗೆ “ಸರ್, ಇದು ಸ್ವಲ್ಪ ಜಾಸ್ತಿ ಮೇಕಪ್ ಮಾಡ್ಕೊಂಡಿದೆ” ಎಂದಳು. ಆ ಕಡೆಯಿಂದ ಅವರು ನಕ್ಕ ಸದ್ದು ನನ್ನ ಕೆಲಸದ ಮೇಜಿನವರೆಗೂ ಕೇಳಿಸಿತು. ಮಾರನೆಯ ದಿನ ಅದೇ ಮಾತನ್ನು ಅವರು ತಮ್ಮದೆಂಬಂತೆ ಆಡಿದಾಗ ಡಾಕ್ಟರು ತಲೆ ಕೆರೆದುಕೊಂಡರು, ಮೈಕಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಭುಜ ಅಲುಗುತ್ತಿತ್ತು. ಅವಳು ನಗುವುದನ್ನು ನಾನು ಕಂಡದ್ದು ಕಡಿಮೆ.

ಹೇಳುವ ಅಭ್ಯಾಸ ಅವಳನ್ನು ಬಿಡದಾಯಿತು. ಗಾಜಿನ ಕೋಣೆಯಲ್ಲಿ ಕೂತು, ಮೈಕು ಆರಿಸಿ, ಕಂಡದ್ದನ್ನೆಲ್ಲ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ಆರಿಸುವುದು ಮರೆತುಹೋಯಿತು. “ಮೋಡ ಪಡುವಲಿಂದ ಬರ್ತಿದೆ. ಕೆಳಗೆ ಬೂದಿ ಬಣ್ಣ, ಅಂಚಿಗೆ ಮಾತ್ರ ಬೆಳಕು ಹತ್ತಿದೆ. ಬೇಗ ಹೋಗುವ ಮನಸ್ಸಿಲ್ಲ ಅದಕ್ಕೆ.” ನಿಲ್ದಾಣದಲ್ಲಿದ್ದವರೆಲ್ಲ ತಲೆಯೆತ್ತಿ ಆಕಾಶ ನೋಡಿದರು. ಒಬ್ಬ ಕಂಡಕ್ಟರು ಕಿಟಕಿಗೆ ಬಂದು ಆ ಬಸ್ಸು ಯಾವ ಅಂಕಣಕ್ಕೆ ಎಂದು ಕೇಳಿದನಂತೆ. ನಿಲ್ದಾಣದ ಅಧಿಕಾರಿ ಕರೆಸಿ, “ಹವಾಮಾನ ಹೇಳೋಕೆ ಬೇರೆ ಇಲಾಖೆ ಇದೆ” ಎಂದರು. ಇದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಸರ್‌ಗೆ ಹೇಳಿದಳು. ಹೇಳಲು ಒಬ್ಬರಿದ್ದರು.

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಶನಿವಾರದ ಆ ಫೋನು ಬಿಟ್ಟರೆ ತಿಂಗಳಿಡೀ ಅವಳು ಇನ್ನೊಬ್ಬರೊಡನೆ ಅಷ್ಟು ಮಾತಾಡುತ್ತಿರಲಿಲ್ಲ. ಅವರಿಗೂ ಹಾಗೆಯೇ ಇದ್ದಿರಬೇಕು. ಆದರೂ ಆ ಮೋಡದ ವಿಷಯ ಬಿಟ್ಟರೆ ಇಬ್ಬರೂ ಫೋಟೋಗಳ ಆಚೆಗೆ ಒಂದು ಮಾತಾಡಲಿಲ್ಲ. ಊಟವಾಯಿತೇ ಎಂದು ಕೂಡ ವಿಚಾರಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ.

ತೊಡಕು ಬರುತ್ತಿದ್ದುದು ಅವಳ ಸ್ವಂತ ಫೋಟೋದಲ್ಲಿ. ಬೇರೆಯವರದನ್ನು ಬಿಡಿಸಿ ಹೇಳುವವಳು ತನ್ನದು ಬಂದಾಗ ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಆ ಸಲ ಅವಳದು ಅಣೆಕಟ್ಟಿನ ಹಿನ್ನೀರಿನ ಫೋಟೋ. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಚಳಿಯಲ್ಲಿ ಕಾದು ತೆಗೆದದ್ದು. ಸತ್ತ ಮರಗಳ ಮೋಟುಗಳು ನೀರಿನಿಂದ ಎದ್ದಿವೆ, ಮೇಲೆ ಬಿಳಿಚಿದ ಆಕಾಶ. ಸರ್ ಅಂದು ಬಿಡಲಿಲ್ಲವಂತೆ. “ಎಲ್ಲರದೂ ಹೇಳ್ತೀರಿ, ನಿಮ್ಮದು ಮಾತ್ರ ನುಂಗ್ತೀರಿ. ಹೇಳಿ, ನಿಧಾನಕ್ಕೆ ಹೇಳಿ.”

ಅವಳು ಹೇಳತೊಡಗಿದಳು. ಕೈಯಲ್ಲಿದ್ದ ಪ್ರಿಂಟು ನೋಡುತ್ತ ಶುರು ಮಾಡಿದವಳು ಯಾವ ಗಳಿಗೆಯಲ್ಲೋ ಕಣ್ಣು ಮುಚ್ಚಿಕೊಂಡಳು. ನಾನು ಟೀ ಕೊಡಲು ಹೋಗಿದ್ದೆ, ಬಾಗಿಲಲ್ಲೇ ನಿಂತೆ. ನೀರಿನ ಮೇಲೆ ಮಂಜು ಕೂತಿದೆ ಎಂದಳು. ಮೋಟುಗಳ ಕಾಲು ಮುಚ್ಚಿವೆ, ಅವು ತೇಲುತ್ತಿರುವ ಹಾಗಿದೆ ಎಂದಳು. ಮಂಜು ಒಂದೇ ಕಡೆ ಹರಿದಿದೆ, ಅಲ್ಲಿ ನೀರು ಕಪ್ಪಗೆ ಕಾಣುತ್ತದೆ, ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯ ಹಾಗೆ ಎಂದಳು. ಆಮೇಲೆ ಅವರು ಏನೆಂದರೋ ನನಗೆ ಕೇಳಿಸಲಿಲ್ಲ. ಅವಳು “ಸರಿ ಸರ್” ಎಂದು ಫೋನು ಇಟ್ಟಳು.

ನಾನು ಆ ಪ್ರಿಂಟು ನೋಡಿದ್ದೆ. ಟೀ ಕೈಗಿಟ್ಟು, “ಅಕ್ಕ, ಇದರಲ್ಲಿ ಮಂಜೆಲ್ಲಿ?” ಎಂದೆ. ಅವಳು ಒಮ್ಮೆ ಪ್ರಿಂಟು ನೋಡಿದಳು, ಒಮ್ಮೆ ನನ್ನನ್ನು. “ಇತ್ತು ಕಣೋ” ಎಂದಳು. ಮತ್ತೆ ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು. “ಅಷ್ಟೆಲ್ಲ ಯಾಕೆ ಹಿಡ್ಕೊಂಡು ಕೂರ್ತಾರೆ, ನನ್ನ ಫೋಟೋ ತಾನೇ” ಎಂದು ಚೀಲ ಹೆಗಲಿಗೇರಿಸಿ ಹೋದಳು.

ಭಾನುವಾರ ಅವಳ ಸರದಿ ಬಂದಾಗ ಸರ್ ಎಂದೂ ಇಲ್ಲದ ಉತ್ಸಾಹದಲ್ಲಿ ಎದ್ದರು. “ಇದು ನೋಡಿ. ಈ ಕೂಟ ಶುರುವಾದಾಗಿಂದ ಇಂಥದ್ದು ಬಂದಿಲ್ಲ. ಮಂಜನ್ನ ಎಲ್ರೂ ತೆಗೀತಾರೆ, ಸಕ್ಕರೆ ಉದುರಿಸಿದ ಹಾಗೆ. ಇಲ್ಲಿ ಮಂಜು ಒಂದು ಕೆಲಸ ಮಾಡ್ತಿದೆ. ಮರಗಳನ್ನ ನೆಲದಿಂದ ಬಿಡಿಸಿದೆ. ಆ ಹರಿದ ಜಾಗ ಇದೆಯಲ್ಲ…” ಎಂದು ಕೈಯೆತ್ತಿ ಗಾಳಿಯಲ್ಲಿ ತೋರಿಸಿದರು. ನಾನು ಮೈಕಕ್ಕನ ಕಡೆ ನೋಡಿದೆ. ಮಾತಾಡುವಂತಿಲ್ಲವಲ್ಲ, ಅವಳ ಫೋಟೋ ದಾರದಲ್ಲಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿತ್ತು.

ಡಾಕ್ಟರು ಮುಂದೆ ಬಗ್ಗಿದರು. ಕೆಟ್ಟ ಉದ್ದೇಶವೇನೂ ಅವರಿಗಿರಲಿಲ್ಲ. “ಮಂಜಾ? ಎಲ್ಲಿ ಸರ್? ನಂಗೆ ಬರೀ ಬಿಳಿ ಆಕಾಶ ಕಾಣ್ತಿದೆ.”

ಸರ್ ಕತ್ತು ಓರೆ ಮಾಡಿದರು, ಇನ್ನೊಂದು ಕಡೆಗೂ ಮಾಡಿದರು. ಕೈ ಚಾಚಿ ಕಾಗದದ ಅಂಚು ಮುಟ್ಟಿದರು. ಕೊನೆಗೆ ಅವಳು ಕೂರುತ್ತಿದ್ದ ಮೂಲೆಯ ಕಡೆ ತಿರುಗಿ, “ಇದೆಯಾಮ್ಮ? ಇಲ್ವಾ?” ಎಂದು ಕೇಳಿದರು.

ಮೈಕಕ್ಕ ಎದ್ದು ನಿಂತಳು. “ಇಲ್ಲ ಸರ್” ಎಂದಳು. ಅದೇ ಇಸ್ತ್ರಿ ಧ್ವನಿ.

ಅವರು ಕುರ್ಚಿಯನ್ನು ತಡಕಿ ಕೂತರು. ಅಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಆದರೂ ಅವರೇ ಹೇಳಿದರು: ಕಣ್ಣು ಹೋಗಿದೆ, ಇಷ್ಟು ದಿನ ಹೇಳಿಸಿಕೊಂಡು ಮಾತಾಡಿದೆ, ತಪ್ಪಾಯಿತು. ಡಾಕ್ಟರಿಗೆ ಕಣ್ಣಲ್ಲಿ ನೀರೇ ಬಂತು. “ಅದಕ್ಕೇನು ಸರ್, ಇನ್ಮೇಲೆ ನಾವೆಲ್ಲ ಹೇಳ್ತೀವಿ. ನೀವು ಬರೋದು ಬಿಡ್ಬೇಡಿ.”

“ನೀವು ಹೇಳ್ತೀರಿ, ನಾನು ಕೇಳ್ತೀನಿ. ಆಮೇಲೆ ನಾನು ತಿದ್ದೋದು ಏನನ್ನ? ನಿಮ್ಮ ಫೋಟೋನಾ, ನಿಮ್ಮ ಮಾತನ್ನಾ?” ಎಂದರು. ಯಾರ ಕೈಯನ್ನೂ ಹಿಡಿಯದೆ ಗೋಡೆ ಸವರಿಕೊಂಡು ಹೊರಟುಹೋದರು. ಮೈಕಕ್ಕ ಹಿಂದೆ ಹೋಗಲಿಲ್ಲ. ಪ್ರಿಂಟನ್ನು ದಾರದಿಂದ ಬಿಡಿಸಿ ಡಬ್ಬಿಯಲ್ಲಿಟ್ಟುಕೊಂಡು ಮೂಲೆಯಲ್ಲೇ ಕೂತಿದ್ದಳು. ಉಳಿದವರು ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತೇನೋ.

ಮುಂದಿನ ತಿಂಗಳು ಸರ್ ಬರಲಿಲ್ಲ. ಆಗ ಅವಳು ಅವರ ಮನೆ ಹುಡುಕಿಕೊಂಡು ಹೋದಳು. ಆ ಭೇಟಿಯನ್ನು ನನಗೆ ಹೇಳಿದ್ದು ಅವಳೇ, ಎಷ್ಟೋ ದಿನಗಳ ಮೇಲೆ, ತುಣುಕು ತುಣುಕಾಗಿ.

ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯ ತುಂಬ ಅವರೇ ಕೈಯಾರೆ ಬಿಡಿಸಿದ ನಕ್ಷೆಗಳು. ಕುರ್ಚಿ ಕಿಟಕಿಗೆ ಮುಖ ಮಾಡಿರಲಿಲ್ಲ, ಪಕ್ಕಕ್ಕೆ ತಿರುಗಿತ್ತು. ಕಣ್ಣಂಚಿನಲ್ಲಿ ಬೆಳಕು ಕಾಣಲಿ ಎಂದು. ಟೀ ತಾವೇ ಮಾಡಿದರು. ಲೋಟದೊಳಗೆ ಬೆರಳಿಟ್ಟು, ಬಿಸಿ ತಾಗಿದ ಕೂಡಲೇ ಸುರಿಯುವುದು ನಿಲ್ಲಿಸಿದರು.

“ತಪ್ಪಾಯ್ತು ಸರ್. ಎಲ್ರ ಮುಂದೆ…”

“ಅದಿರಲಿ ಬಿಡಿ. ಇವತ್ತಲ್ಲ ನಾಳೆ ಗೊತ್ತಾಗೋದೇ. ನಂಗೆ ಸಿಟ್ಟು ಬಂದಿದ್ದು ಬೇರೆಯದಕ್ಕೆ. ಇಲ್ಲದ್ದನ್ನ ಯಾಕೆ ಹೇಳಿದ್ರಿ?”

“ಇಲ್ದೇ ಇರ್ಲಿಲ್ಲ ಸರ್. ನಾನು ನಿಂತಾಗ ಇತ್ತು. ಕ್ಯಾಮೆರಾ ಚೀಲದಿಂದ ತೆಗೆಯೋಷ್ಟರಲ್ಲಿ ಹೋಯ್ತು. ನಾನು ನೋಡ್ತಾ ನಿಂತುಬಿಟ್ಟೆ, ತೆಗೀಬೇಕು ಅನ್ನೋದೇ ಹೊಳೀಲಿಲ್ಲ. ಅದನ್ನ ಯಾರಿಗೂ ಹೇಳಿರ್ಲಿಲ್ಲ. ನೀವು ಕೇಳಿದ್ರಿ.”

ಅವರು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟರಂತೆ. “ಹಾಗಿದ್ರೆ ಫೋಟೋ ಚೆನ್ನಾಗಿಲ್ಲ, ನೀವು ನೋಡಿದ್ದು ಚೆನ್ನಾಗಿದೆ. ಎರಡೂ ಬೇರೆ. ಫೋಟೋ ತೆಗೆಯೋರು ಇದನ್ನ ಬೆರೆಸ್ಬಾರ್ದು” ಎಂದರು. ಟೀಕೆಯಲ್ಲಿ ಸ್ವಲ್ಪವೂ ರಿಯಾಯಿತಿ ಇರಲಿಲ್ಲ. ಆಮೇಲೆ ತಂಗಿಯ ಊರಿಗೆ ಹೋಗುತ್ತಿರುವುದಾಗಿ ತಿಳಿಸಿದರು. ಒಬ್ಬರೇ ಇರುವುದು ಇನ್ನು ಆಗದು, ಒಲೆ ಹೊತ್ತಿಸುವಾಗ ಕೈ ಸುಟ್ಟುಕೊಂಡಿದ್ದರು. “ಫೋನ್ ಮಾಡ್ಲಾ ಸರ್, ಶನಿವಾರ?” ಎಂದು ಕೇಳಿದಳು. “ನೋಡೋಣ” ಎಂದರು.

ಅವರು ಹೊರಟದ್ದು ಅವಳ ಪಾಳಿಯಲ್ಲೇ. ಗಾಜಿನಾಚೆ ಕಂಡರು, ಪಕ್ಕದಲ್ಲಿ ಅವರಂತೆಯೇ ಉದ್ದ ಮೂಗಿನ ತಂಗಿ. ಆ ಬಸ್ಸಿನ ಹೆಸರು, ಅಂಕಣ, ಹೊರಡುವ ವೇಳೆ ಹೇಳುವುದು ಅವಳ ಪಾಲಿಗೇ ಬಂತು. ಹೇಳಿದಳು. ಎರಡನೇ ಸಲ ಸ್ವಲ್ಪ ನಿಧಾನಕ್ಕೆ ಹೇಳಿದಳು. ಆ ಧ್ವನಿ ಕೇಳಿ ಅವರು ಒಮ್ಮೆಯಾದರೂ ತಲೆಯೆತ್ತುತ್ತಾರೆ ಎಂದುಕೊಂಡಿದ್ದಳು. ಅವರು ಚೀಲ ಯಾರು ಹೊರಬೇಕು ಎಂದು ತಂಗಿಯೊಡನೆ ಜಗಳವಾಡುತ್ತಿದ್ದರು. ಬಸ್ಸು ಹೊರಟಿತು. ಆ ಕೂಡಲೇ ಇನ್ನೊಂದು ಬಸ್ಸಿನ ಹೆಸರು ಹೇಳಬೇಕಿತ್ತು, ಹೇಳಿದಳು.

ಮೊದಲ ಶನಿವಾರ ಫೋನು ಮಾಡಿದಳು. ತಂಗಿ ಎತ್ತಿ, ಅಣ್ಣ ಮಲಗಿದ್ದಾನೆ ಎಂದರು. ಇನ್ನೊಮ್ಮೆ ಮಾಡಿದಾಗ ಅವರೇ ಸಿಕ್ಕರು. ಅವಳು ಡಾಕ್ಟರ ಹೊಸ ಫೋಟೋ ಕೈಯಲ್ಲಿ ಹಿಡಿದೇ ಕೂತಿದ್ದಳು. ಅವರು ತಂಗಿಯ ಮೊಮ್ಮಕ್ಕಳ ಗಲಾಟೆಯ ಬಗ್ಗೆ ಹೇಳಿದರು, ರೇಡಿಯೊ ಒಳ್ಳೆಯದು ಸಿಕ್ಕಿದೆ ಎಂದರು. “ಫೋಟೋ ಹೇಳ್ಲಾ ಸರ್?” ಎಂದಳು. “ಬೇಡಮ್ಮ. ಈಗ ಅದೆಲ್ಲ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ರೇಡಿಯೊ ಸಾಕು” ಎಂದರು. ಮುನಿಸಿನಿಂದಲ್ಲ, ಸಹಜವಾಗಿಯೇ ಹೇಳಿದರಂತೆ. ಅವಳು ಮತ್ತೆ ಫೋನು ಮಾಡಲಿಲ್ಲ.

ಕೂಟವೂ ಕರಗಿತು. ಬೈಯುವವರಿಲ್ಲದ ಮೇಲೆ ಜನಕ್ಕೆ ಭಾನುವಾರದ ನಿದ್ದೆ ಹೆಚ್ಚಾಯಿತು. ಡಾಕ್ಟರು ಎಲ್ಲರನ್ನೂ ಸೇರಿಸಿ ಫೋನಿನಲ್ಲೇ ಒಂದು ಗುಂಪು ಮಾಡಿದರು. ಫೋಟೋ ಹಾಕಿದರೆ ಕೈ ಮುಗಿಯುವ ಗುರುತು, ಹೂವಿನ ಗುರುತು, ಚಪ್ಪಾಳೆಯ ಗುರುತು. ಮೈಕಕ್ಕ ಒಂದೇ ಒಂದು ಫೋಟೋ ಹಾಕಿದಳು, ಬೇಕೆಂದೇ ಗೆರೆ ವಾಲಿದ ಕೆರೆಯದು. ಅದಕ್ಕೂ ಹೂವು ಬಂದವು. “ನೀರು ಸುರಿದು ಹೋಗ್ತಿದೆ ಅಂತ ಒಬ್ರೂ ಅನ್ಲಿಲ್ವಲ್ಲೋ” ಎಂದು ನನ್ನ ಹತ್ತಿರ ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅದೇ ವರ್ಷ ಅವಳು ತಮ್ಮನ ಮನೆ ಬಿಟ್ಟು ಬೇರೆ ಕೋಣೆ ಮಾಡಿದಳು. ತಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. “ನಾವೇನು ಕಡಿಮೆ ಮಾಡಿದ್ವಿ ಅಂತ ಹೇಳು” ಎಂದು ಕೇಳಿದ. ಏನೂ ಕಡಿಮೆ ಮಾಡಿರಲಿಲ್ಲ. “ಬೆಳಿಗ್ಗೆ ಬೇಗ ಎದ್ದು ಓಡಾಡ್ತೀನಿ, ನಿಮ್ಮ ನಿದ್ದೆ ಹಾಳು” ಎಂದಳು. ಹೊಸ ಕೋಣೆಯಲ್ಲಿ ಒಂದು ಮಂಚ ಹಾಕಿದಳು. ಮಂಚವನ್ನು ಮಹಡಿಗೆ ಏರಿಸಲು ನಾನೂ ಕೈ ಕೊಟ್ಟಿದ್ದೆ. ನಾವು ಮೆಟ್ಟಿಲಿಳಿಯುವ ಮೊದಲೇ, ಹಗಲು ಹೊತ್ತಿನಲ್ಲೇ, ಚಪ್ಪಲಿ ಕೂಡ ಕಳಚದೆ ಅದರ ಮೇಲೆ ಮಲಗಿಬಿಟ್ಟಳು. ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕು ಬಿಟ್ಟರೆ ಇನ್ನೇನೂ ಕಾಣುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಮ್ಮೆ ನನ್ನನ್ನೂ ಕರೆದಳು. “ಇಷ್ಟು ಜನರ ಬೆಟ್ಟಕ್ಕೆ ಕಟ್ಟು ಹಾಕ್ತೀಯ, ಒಂದು ಬೆಟ್ಟಾನಾದ್ರೂ ನೋಡಿದ್ದೀಯಾ?” ಎಂದಳು. ನಿಜ, ನೋಡಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಹೋದೆ. ಬಸ್ಸಿಳಿದು ಏರಿನಲ್ಲಿ ನಡೆಸಿಕೊಂಡು ಹೋಗಿ, ಒಂದು ಕಲ್ಲಿನ ಪಕ್ಕ ನಿಲ್ಲಿಸಿದಳು. ಎದುರಿನ ಇಳಿಜಾರಿನ ಮೇಲೆ ಬಿಸಿಲು ಬೀಳಬೇಕಿತ್ತಂತೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕಾಯತೊಡಗಿದಳು. ನಾನು ಕಾಲು ಬದಲಿಸುತ್ತ ನಿಂತೆ, ಕೂತೆ, ಮತ್ತೆ ನಿಂತೆ.

“ಅಕ್ಕ, ಈಗ್ಲೂ ಚೆನ್ನಾಗೇ ಇದೆಯಲ್ಲ. ಒತ್ತಿಬಿಡು.”

“ಇನ್ನೂ ಇಲ್ಲ.”

“ಬರದಿದ್ರೆ?”

“ಬರದಿದ್ರೆ ಇಲ್ಲ.”

ಮೋಡ ಕವಿಯಿತು, ಬಿಸಿಲು ಬೀಳಲಿಲ್ಲ. ಫ್ಲಾಸ್ಕಿನ ಕಾಫಿ ಕುಡಿದು, ಬ್ರೆಡ್ಡು ತಿಂದು, ಒಂದೂ ಫೋಟೋ ತೆಗೆಯದೆ ಇಳಿದೆವು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ, “ಮುಂದಿನ ವಾರ ಬರ್ತೀಯಾ?” ಎಂದು ಕೇಳಿದಳು.

“ಅಂಗಡಿ ಇದೆಯಲ್ಲ ಅಕ್ಕ.”

“ಹೌದಲ್ಲ. ಸರಿ ಬಿಡು.”

ಆಮೇಲೆ ಅವಳು ಕರೆಯಲಿಲ್ಲ, ನಾ ಬರ್ತೀನಿ ಎಂದು ನಾನೂ ಹೇಳಲಿಲ್ಲ. ಅವಳು ಹೋಗುವುದನ್ನೇನೂ ಬಿಟ್ಟಿಲ್ಲ. ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಎದುರು ಬದಿಯಲ್ಲಿ, ಹೆಗಲಿಗೆ ಚೀಲ, ಕೆಸರಾದ ಚಪ್ಪಲಿ, ವಾಪಸು ಬರುತ್ತಿರುತ್ತಾಳೆ. “ಸಿಕ್ತಾ ಅಕ್ಕ?” ಎಂದು ಕೂಗುತ್ತೇನೆ. ಕೆಲವು ದಿನ “ಇವತ್ತಿಲ್ಲ” ಎನ್ನುತ್ತಾಳೆ. ಗಾಡಿಗಳ ಗದ್ದಲದಲ್ಲಿ ನನ್ನ ಕೂಗು ಕೇಳಿಸದ ದಿನ ಹಾಗೆಯೇ ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಾಳೆ.